ಕಿನೊಸಾಕಿಯಲ್ಲಿ ಅಪಸವ್ಯ

ಚಪ್ಪಲಿ ಬಿಚ್ಚೋದನ್ನು ನಾನು ಜಪಾನಿನವರಿಂದ ಕಲೀಬೇಕಾ? ಹುಟ್ಟಿದಾಗಿನಿಂದ ಹೊಸಿಲಾಚೆ ಚಪ್ಪಲಿ ಬಿಟ್ಟೇ ಒಳಗೆ ಹೋದವನು. ರೈಲಿನಲ್ಲಿ ಮಗನಿಗೆ ಹೀಗಂತ ಜೋರಾಗಿಯೇ ಹೇಳಿದ್ದೆ. ಒಸಾಕಾದಲ್ಲಿ ಕೆಲಸದಲ್ಲಿರುವ ಅವನು ನನ್ನನ್ನೂ ನನ್ನವಳನ್ನೂ ಬಿಸಿನೀರ ಬುಗ್ಗೆಗಳ ಊರು ಕಿನೊಸಾಕಿಗೆ ಕರೆದುಕೊಂಡು ಹೊರಟಿದ್ದ. ಹೆಚ್ಚುಕಡಿಮೆ 3 ಗಂಟೆ ದಾರಿ. ದಾರಿಯುದ್ದಕ್ಕೂ ಪಾಠ.

ನಾವು ಉಳಿದದ್ದು ಹಳೇ ಕಾಲದ ಛತ್ರದಂಥ ‘ರ್ಯೊಕಾನ್’ನಲ್ಲಿ. ಬಾಗಿಲಲ್ಲಿ ಶೂ ಬಿಚ್ಚಿ ಸ್ಲಿಪ್ಪರ್ ಹಾಕಬೇಕು. ತತಾಮಿ ಚಾಪೆಯ ಕೋಣೆ ಬಂದರೆ ಅದನ್ನೂ ಬಿಚ್ಚಬೇಕು. ಶೌಚಾಲಯಕ್ಕೆ ಬೇರೆಯದೇ ಸ್ಲಿಪ್ಪರ್. ಅದು ಅಲ್ಲಿಂದ ಹೊರಗೆ ಬರುವ ಹಾಗಿಲ್ಲ.

ಬಂತು. ಕಿಮೋನೋ ಉಟ್ಟ ಹೆಂಗಸು ಚಹಾ ತಂದಾಗ ನಾನು ಅದೇ ಸ್ಲಿಪ್ಪರಿನಲ್ಲಿ ತತಾಮಿಯ ನಟ್ಟನಡುವೆ ನಿಂತಿದ್ದೆ. ಆಕೆ ನನ್ನ ಕಾಲು ನೋಡಲೇ ಇಲ್ಲ. ಮಂಡಿಯೂರಿ ಕೂತು ಚಹಾ ಬಗ್ಗಿಸಿದರು, ನಕ್ಕರು, ಹೋದರು. ನಾನು ನಾಚಿ ಸ್ಲಿಪ್ಪರನ್ನು ಬಾಗಿಲ ಮೂಲೆಗೆ ತಳ್ಳಿದೆ. ಆಮೇಲೆ ನೋಡಿದರೆ ಅವು ಶೌಚಾಲಯದೊಳಗೆ ಜೋಡಿಯಾಗಿ ಕೂತಿದ್ದವು, ಕಾಲು ತೂರಿಸಿದರೆ ಸಾಕು ಅನ್ನುವ ಹಾಗೆ. ನಮ್ಮಜ್ಜಿಯಾಗಿದ್ದರೆ ಇಡೀ ಓಣಿಗೆ ಕೇಳಿಸುತ್ತಿತ್ತು.

ಈ ಊರಿನಲ್ಲಿ 7 ಸಾರ್ವಜನಿಕ ಸ್ನಾನದ ಮನೆಗಳಿವೆ. ಹತ್ತಿಬಟ್ಟೆಯ ನಿಲುವಂಗಿ ‘ಯುಕಾತಾ’ ಸುತ್ತಿಕೊಂಡು, ಕಟ್ಟಿಗೆಯ ‘ಗೇತಾ’ ಮೆಟ್ಟಿ, ಟಕಟಕ ಅಂತ ಒಂದರಿಂದ ಇನ್ನೊಂದಕ್ಕೆ ಹೋಗೋದೇ ಇಲ್ಲಿಯ ಸಂಭ್ರಮ. ಒಳಗೆ ಮೈಮೇಲೆ ನೂಲೂ ಇರಬಾರದು. ಕೈಯಲ್ಲೊಂದು ಪುಟ್ಟ ಟವಲ್, ಅದನ್ನೂ ನೀರಿಗೆ ಅದ್ದುವಂತಿಲ್ಲ, ತಲೆ ಮೇಲಿಟ್ಟುಕೊಳ್ಳಬೇಕು. ಹಬ್ಬದ ದಿನದ ಹಂಡೆ ನೀರಿನಷ್ಟು ಬಿಸಿ. ಅಪ್ಪ ಮಗ ಇಬ್ಬರೂ ಎದುರಿನ ಗೋಡೆ ನೋಡುತ್ತಾ ಷೇರು ಮಾರುಕಟ್ಟೆ ಬಗ್ಗೆ ಮಾತಾಡಿದೆವು.

ಎರಡು ಸ್ನಾನ ಮುಗಿಸಿ, ಹೊಳೆಯ ಪಕ್ಕ ಒಬ್ಬನೇ ಮುಂದೆ ಗತ್ತಿನಲ್ಲಿ ನಡೆಯುತ್ತಿದ್ದೆ. ಎದುರಿಗೆ ಬಂದ ಅಜ್ಜಿಯೊಬ್ಬರು ನನ್ನ ಎದೆ ನೋಡಿ ಗಕ್ಕನೆ ನಿಂತರು. ಕೈಯನ್ನು ಎಡಕ್ಕೆ ಬಲಕ್ಕೆ ಆಡಿಸಿದರು. ಆಶೀರ್ವಾದ ಅಂದುಕೊಂಡು ನಾನು ಬಾಗಿ ಕೈ ಮುಗಿದೆ. ಅಜ್ಜಿಗೆ ಇನ್ನೂ ಗಾಬರಿ.

ಹಿಂದಿನಿಂದ ಮಗ ಓಡಿ ಬಂದ. “ಅಪ್ಪಾ, ಎಡ ಸೆರಗು ಮೇಲೆ ಬರಬೇಕು. ನೀನು ಬಲ ಮೇಲೆ ಹಾಕಿದೀಯ. ಅದು ಹೆಣಕ್ಕೆ ಉಡಿಸೋ ರೀತಿ!”

“ಹೋದ ತಿಂಗಳು ಮಾವನ ತಿಥೀಲಿ ಅಪಸವ್ಯ ಮಾಡ್ಕೊಂಡಿದ್ದು ಸಾಲ್ಲಿಲ್ವೇನ್ರೀ?” ಅಂದಳು ಇವಳು.

ಜನಿವಾರವಾದರೆ ಅಂಗಿಯೊಳಗೇ ಬಲ ಹೆಗಲಿಂದ ಎಡಕ್ಕೆ ತಂದುಕೊಳ್ಳಬಹುದು. ಇದನ್ನು ಸವ್ಯ ಮಾಡಬೇಕಾದರೆ ಪೂರ್ತಿ ಬಿಚ್ಚಬೇಕು, ಒಳಗಿರುವುದು ಬರೀ ಚಡ್ಡಿ. ಹೊಳೆ ದಡದ ವಿಲ್ಲೋ ಮರದ ಮರೆಗೆ ಹೋದೆ. ಆ ಮರದ ಎಲೆಗಳೋ, ಉದ್ದವೇನೋ ಇವೆ, ಅಗಲ ಹುಣಸೆ ಎಲೆಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಅಜ್ಜಿ ಮಾತ್ರ ಕೆಲಸ ಮುಗಿಯುವವರೆಗೂ ಹೊಳೆ ಕಡೆ ಮುಖ ಮಾಡಿ ನಿಂತಿದ್ದರು. ಆಮೇಲೆ ತಿರುಗಿ, ಕೊರಳಪಟ್ಟಿ ಎಳೆದು ಸರಿಮಾಡಿ ಹೋದರು.

ಊಟದ ಕಥೆ ಸಣ್ಣದು. ಚಳಿಗಾಲದಲ್ಲಿ ಜನ ಏಡಿ ತಿನ್ನೋಕೆ ಅಂತಲೇ ಬರುವ ಊರಿಗೆ ನಾವು ಚಟ್ನಿಪುಡಿ ಹಿಡಿದುಕೊಂಡು ಹೋಗಿದ್ದೆವು.

ಮಾರನೇ ದಿನ ಬೀಳ್ಕೊಡಲು ಮೂವರು ಬಾಗಿಲಿಗೆ ಬಂದು, ನಾವು ತಿರುವು ದಾಟುವವರೆಗೂ ಕೈ ಬೀಸಿದರು, ಸೊಂಟ ಬಗ್ಗಿಸಿದರು. ನಾವೂ ಹಿಂದುಮುಂದಾಗಿ ನಡೆಯುತ್ತಾ ಬೀಸಿದೆವು. ತಿರುವು ದಾಟಿದ ಮೇಲೆ ನೆನಪಾಯಿತು, ಮೊಬೈಲ್ ಚಾರ್ಜರ್ ಕೋಣೆಯಲ್ಲೇ ಇದೆ.

ತಿರುಗಿದರೆ, ಚಹಾ ಕೊಟ್ಟ ಆಕೆ ಕಾಗದದ ಚೀಲವೊಂದನ್ನು ಹಿಡಿದು ಓಡಿ ಬರುತ್ತಿದ್ದರು. ಅದರೊಳಗೆ ವೈರು ಅಚ್ಚುಕಟ್ಟಾಗಿ ಸುತ್ತಿದ ಚಾರ್ಜರ್. ಎರಡೂ ಕೈಯಿಂದ ಕೊಟ್ಟು, ಅಲ್ಲೇ ನಡುಬೀದಿಯಲ್ಲಿ ನಿಂತು, ಮೊದಲಿನಿಂದ ಮತ್ತೆ ಕೈ ಬೀಸತೊಡಗಿದರು.