ಕುಮಟಾ ಹತ್ತಿ ಅಂತ ಒಂದಿತ್ತು, ಕೇಳಿದೀರಾ?

ಉತ್ತರ ಕನ್ನಡ ಕರಾವಳಿಯ ನಮ್ಮ ಕುಮಟಾದಲ್ಲಿ ಹತ್ತಿ ಬೆಳೆಯಲ್ಲ. ನಮ್ಮ ಕಡೆ ಭತ್ತ, ತೆಂಗು, ಅಡಿಕೆ, ಗಜನಿಯಲ್ಲಿ (ಉಪ್ಪುನೀರಿನ ಗದ್ದೆ) ಕಗ್ಗ ಭತ್ತ, ಸಾಣಿಕಟ್ಟಾದಲ್ಲಿ ಉಪ್ಪು, ಇಷ್ಟೇ. ಆದ್ರೂ ನೂರೈವತ್ತು ವರ್ಷದ ಹಿಂದೆ ಮುಂಬಯಿ, ಲಿವರ್‌ಪೂಲ್ ಪೇಟೆಯ ರೇಟ್ ಪಟ್ಟಿಗಳಲ್ಲಿ ಗುಜರಾತಿನ ಭರೂಚ್, ಧೋಲೆರಾ ಹತ್ತಿ ಜೊತೆಗೆ 'ಕುಮಟಾ' ಅಂತಲೂ ಒಂದು ಹತ್ತಿ ಇರ್ತಿತ್ತು. ಅದು ಧಾರವಾಡ, ಗದಗ, ನವಲಗುಂದ ಕಡೆ ಎರೆ ಹೊಲದಲ್ಲಿ ಬೆಳೆದ ಹತ್ತಿ, ಹೆಸರು ಮಾತ್ರ ಹಡಗು ಹತ್ತಿದ ಊರಿಂದು.

ಇದನ್ನ ಮೊದಲ ಸಲ ಓದಿದಾಗ ನಂಗೆ ರಾತ್ರಿಯಿಡೀ ನಿದ್ದೆ ಬರ್ಲಿಲ್ಲ. ಹುಟ್ಟಿ ಬೆಳೆದ ಊರು, ಹೆಡ್ ಬಂದರಲ್ಲಿ ಸಂಜೆ ಕೂತು ಮಂಡಕ್ಕಿ ತಿಂದು ದೊಡ್ಡವನಾದೆ, ಶಾಲೇಲಿ ಒಬ್ರೂ ಹೇಳ್ಲಿಲ್ಲ. ಆಗ್ಲೇ ಅಂದ್ಕೊಂಡಿದ್ದು, ಇದ್ರ ಮೇಲೆ ಡಾಕ್ಯುಮೆಂಟರಿ ಮಾಡ್ಬೇಕು ಅಂತ. ನಾನು, ಮೂರು ಜನ ಗೆಳೆಯರು, ಒಂದು ಕ್ಯಾಮೆರಾ. ಎರಡು ವರ್ಷ ಆಯ್ತು, ಇನ್ನೂ ಅರ್ಧ ಆಗಿದೆ.

ಯಾರ ಹತ್ರ ಹೇಳಿದ್ರೂ ಮೊದಲು ಬರೋ ಮಾತು ಒಂದೇ, "ಮಿರ್ಜಾನ ಕೋಟೆ ತೋರ್ಸಿ, ಡ್ರೋನ್ ಹಾರ್ಸಿ, ಚೆನ್ನಭೈರಾದೇವಿ ಕಥೆ ಹೇಳಿ, ವ್ಯೂಸ್ ಬರುತ್ತೆ." ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಬಗ್ಗೆ ನಂಗೆ ಅಪಾರ ಗೌರವ ಇದೆ, ಪೋರ್ಚುಗೀಸರೇ 'ಕಾಳುಮೆಣಸಿನ ರಾಣಿ' ಅಂತ ಕರೆದವಳು, ಅವಳ ಮೇಲೆ ಬೇರೆ ಸಿನಿಮಾನೇ ಬೇಕು. ಆದ್ರೆ ಬಂದರು ಊರು ಅಂದ್ರೆ ಕೋಟೆ ಅಂತ ಮಾಡ್ಬಿಟ್ರೆ, ಮೂಟೆ ಹೊತ್ತವರು, ಗಾಡಿ ಹೊಡೆದವರು, ದೋಣಿ ಹುಟ್ಟು ಹಾಕಿದವರು ಎಲ್ಲಿ ಹೋಗ್ಬೇಕು? ಊರು ಕಟ್ಟಿದ್ದು ಅವ್ರು. ಅವ್ರಿಗೆ ಕೋಟೆ ಇಲ್ಲ, ಶಾಸನ ಇಲ್ಲ, ಫೋಟೋನೂ ಇಲ್ಲ. ನನ್ನ ಪ್ರಕಾರ ಬಂದರಿನ ಸಿನಿಮಾ ಮಾಡೋದು ಅಂದ್ರೆ ಅವ್ರನ್ನ ಹುಡುಕೋದು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯ್ತು, ಅಲ್ಲಿಂದ ಇಂಗ್ಲೆಂಡಿನ ಮಿಲ್ಲುಗಳಿಗೆ ಹೋಗ್ತಿದ್ದ ಹತ್ತಿ ನಿಂತೋಯ್ತು, ಎಲ್ರ ಕಣ್ಣು ನಮ್ಮ ಎರೆ ನಾಡಿನ ಮೇಲೆ ಬಿತ್ತು. ರೈಲಿಲ್ಲದ ಕಾಲ. ಎತ್ತಿನ ಗಾಡಿಗಳು ಹುಬ್ಬಳ್ಳಿ ಕಡೆಯಿಂದ ಶಿರಸಿಗೆ ಬಂದು, ದೇವಿಮನೆ ಘಟ್ಟ ಇಳಿದು, ಕತಗಾಲದ ಮೇಲೆ ಕುಮಟಾಕ್ಕೆ. ಇಲ್ಲಿ ದೊಡ್ಡ ಹಡಗು ಬಂದು ತಾಗೋಕೆ ಧಕ್ಕೆ (ಹಡಗುಕಟ್ಟೆ) ಇಲ್ಲ, ಪತ್ತೆಮಾರಿಗಳು, ಅಂದ್ರೆ ಹಾಯಿ ಹಡಗುಗಳು, ಹೊರಗೆ ತೆರೆದ ಸಮುದ್ರದಲ್ಲಿ ನಿಲ್ಬೇಕು, ಮಾಲು ಸಣ್ಣ ದೋಣಿಗಳಲ್ಲಿ ಅಲ್ಲಿಗೆ ಹೋಗ್ಬೇಕು, ಅಲ್ಲಿಂದ ಮುಂಬಯಿ. 1862ರಲ್ಲಿ ಉತ್ತರ ಕನ್ನಡವನ್ನ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ರಲ್ಲ, ಅದ್ರ ಹಿಂದೆನೂ ಹತ್ತಿ ವ್ಯಾಪಾರಿಗಳ ಒತ್ತಡ ಇತ್ತು. ಬೆಲೆ ಏರಿದ ಹಾಗೆ ಮೋಸನೂ ಏರ್ತು, ಹತ್ತಿಗೆ ಕಲಬೆರಕೆ ಮಾಡೋದನ್ನ ತಡೆಯೋಕೆ ಅಂತಲೇ 1863ರಲ್ಲಿ ಮುಂಬಯಿ ಸರ್ಕಾರ ಕಾಯ್ದೆ ತಂತು.

ಆಮೇಲೆ 1878ರಲ್ಲಿ ಬ್ರಿಟಿಷರು ಪೋರ್ಚುಗೀಸರ ಜೊತೆ ಒಪ್ಪಂದ ಮಾಡ್ಕೊಂಡ್ರು, ಗೋವಾದ ಮರ್ಮಗೋವಾ ಬಂದರಿಗೆ ರೈಲು ಬಂತು, 1888ರ ಹೊತ್ತಿಗೆ ಕ್ಯಾಸಲ್‌ರಾಕ್ ಮೇಲೆ ಆ ಲೈನು ಹುಬ್ಬಳ್ಳಿ ಕಡೆಗೆ ಕೂಡಿಕೊಳ್ತು. ಮುಗೀತು. ಹತ್ತಿ ರೈಲು ಹತ್ತಿ ಗೋವಾಕ್ಕೆ ಹೋಯ್ತು. ಯುದ್ಧದಲ್ಲಿ ಸೋತು ಹಾಳಾದ ಊರಲ್ಲ ನಮ್ದು, ಒಂದು ರೈಲ್ವೆ ಲೈನಿಂದ ಖಾಲಿಯಾದ ಬಂದರು. ನಮ್ಮೂರಿಗೆ ರೈಲು ಬಂದಿದ್ದು ಅದಾಗಿ ನೂರು ವರ್ಷದ ಮೇಲೆ, ಕೊಂಕಣ ರೈಲ್ವೆ ಆದಾಗ.

ಇದನ್ನ ತೋರ್ಸೋದು ಹೇಗೆ? ಇಲ್ಲೇ ನಮ್ಮ ಕಷ್ಟ. ದಾಖಲೆ ಹುಡುಕ್ಕೊಂಡು ಒಂದು ಆಫೀಸಿಗೆ ನಾಲ್ಕು ಸಲ ಹೋದ್ವಿ, ನಾಲ್ಕು ಸಲನೂ ಲೆಟರ್ ತನ್ನಿ ಅಂದ್ರು, ತಂದ್ಮೇಲೆ ಹಳೇ ಕಾಗದ ಎಲ್ಲಾ ವಿಲೇವಾರಿ ಆಗಿದೆ ಅಂದ್ರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಾಗ ನಿಜವಾಗ್ಲೂ ಅಳು ಬಂತು. ಊರಿನ ಕಾಗದ ಊರಲ್ಲೇ ಇಲ್ಲ ಅಂದ್ರೆ ಮುಂದಿನ ಮಕ್ಕಳಿಗೆ ಏನು ಕೊಡ್ತೀವಿ ನಾವು?

ಸಿಕ್ಕಿದ್ದು ಒಂದು ಮನೇಲಿ. ಹಳೇ ಕೊಂಕಣಿ ಮನೆ, ಅಟ್ಟದ ಮೇಲೆ ಕೆಂಪು ಬಟ್ಟೇಲಿ ಕಟ್ಟಿಟ್ಟ ಖಾತೆ ವಹಿ. ಮೊದಲ ಪುಟಗಳನ್ನ ಗೆದ್ದಲು ತಿಂದಿದೆ, ಹಾಗಾಗಿ ಯಾವ ವರ್ಷದ್ದು ಗೊತ್ತಾಗಲ್ಲ. ಮನೆಯ ಅಮ್ಮ ಸೆರಗಲ್ಲಿ ಧೂಳು ಒರೆಸಿ ನಿಧಾನಕ್ಕೆ ಬಿಚ್ಚಿದ್ರು. ಹಗ್ಗ, ಗೋಣಿ, ಹಮಾಲಿ, ದೋಣಿ ಬಾಡಿಗೆ, ಎಲ್ಲಾ ಸಾಲಾಗಿ ಬರ್ಕೊಂಡು ಬಂದು ಮಳೆಗಾಲ ಶುರುವಾಗ್ತಿದ್ದ ಹಾಗೆ ಲೆಕ್ಕ ನಿಂತೋಗುತ್ತೆ, ಆರೇಳು ಹಾಳೆ ಪೂರ್ತಿ ಖಾಲಿ. ಮತ್ತೆ ಬರವಣಿಗೆ ಶುರುವಾಗೋದು ನೂಲ ಹುಣ್ಣಿಮೆಗೆ, ಮೊದಲ ಖರ್ಚು "ಸಮುದ್ರಕ್ಕೆ ಕಾಯಿ 5". ಆ ಖಾಲಿ ಹಾಳೆಗಳನ್ನ ನಾವು ಒಂದೊಂದಾಗಿ ತಿರುವಿ ಶೂಟ್ ಮಾಡಿದೀವಿ, ಸೌಂಡಿಗೆ ಬರೀ ಹಾಳೆಯ ಸದ್ದು, ಹಿಂದೆ ಮಳೆ. ಮಳೆಗಾಲದಲ್ಲಿ ಬಂದರು ಮುಚ್ಚತ್ತೆ ಅನ್ನೋದನ್ನ ಇದಕ್ಕಿಂತ ಚೆನ್ನಾಗಿ ಯಾವ ವಾಯ್ಸ್ ಓವರ್ ಹೇಳತ್ತೆ ಹೇಳಿ. ನಾಟಕದ ವೇಷ ಹಾಕಿಸಿ ಹಳೇ ಕಾಲ ತೋರ್ಸೋದು ಬೇಡ ಅಂತ ಅವತ್ತೇ ತೀರ್ಮಾನ ಮಾಡಿದ್ವಿ.

ಭಾಷೆ ಬಗ್ಗೆನೂ ನಂದು ಹಠ ಇದೆ. ಮೀನುಗಾರ ಖಾರ್ವಿ ಅಜ್ಜ ತನ್ನ ಕೊಂಕಣಿಯಲ್ಲೇ ಮಾತಾಡ್ಲಿ, ಹಾಲಕ್ಕಿ ಒಕ್ಕಲ ಅಜ್ಜಿ ತನ್ನ ಕನ್ನಡದಲ್ಲೇ ಮಾತಾಡ್ಲಿ, ಕೆಳಗೆ ಅಕ್ಷರ ಹಾಕೋಣ, ಡಬ್ಬಿಂಗ್ ಬೇಡ. ತಾಂಡೇಲ ಅನ್ನೋ ಅಡ್ಡಹೆಸರಿನವರು ನಮ್ಮ ಕರಾವಳಿಯಲ್ಲಿ ಎಷ್ಟೋ ಜನ ಇದಾರೆ, ತಾಂಡೇಲ ಅಂದ್ರೆ ದೋಣಿಯ ಖಲಾಸಿಗಳ ಮುಖ್ಯಸ್ಥ. ಕೆಲಸ ಹೋದ್ರೂ ಹೆಸರು ಉಳ್ಕೊಂಡಿದೆ. ಒಬ್ರು ಅಜ್ಜ ಕ್ಯಾಮೆರಾ ನೋಡಿ ಮಾತೇ ಆಡ್ಲಿಲ್ಲ, ಆಫ್ ಮಾಡಿ ಚಾ ಕುಡಿಯೋವಾಗ, "ತಮಾ, ಗಾಳಿ ತಿರುಗೂದು ನಂಗೆ ಮೊದಲು ಕಿವಿಗೆ ಗೊತ್ತಾಗ್ತದೆ" ಅಂದ್ರು. ರೆಕಾರ್ಡ್ ಆಗ್ಲಿಲ್ಲ. ಮೂರು ಸಲ ವಾಪಸ್ ಹೋಗಿದೀನಿ, ಆ ಮಾತು ಮತ್ತೆ ಬಂದಿಲ್ಲ, ಮತ್ತೆ ಹೋಗ್ತೀನಿ.

ದುಡ್ಡು ಕೊಡ್ತೀವಿ ಅಂದವರೂ ಇದ್ರು, ಅವ್ರ ಮನೆತನವೇ ಬಂದರು ಕಟ್ಟಿದ್ದು ಅಂತ ಹೇಳ್ಬೇಕಂತೆ. ಕೈ ಮುಗಿದು ಬಂದ್ವಿ. ಈಗ ಮತ್ತೆ ಹೊನ್ನಾವರದ ಕಾಸರಕೋಡ್ ಟೊಂಕ, ಅಂಕೋಲಾದ ಕೇಣಿ ಕಡೆ ಹೊಸ ಬಂದರಿನ ಮಾತು, ಮೀನುಗಾರರ ಹೋರಾಟ ಎಲ್ಲಾ ನಡೀತಿದೆ. ಬಂದರು ಬಂದಾಗ ಯಾರು ಬಂದ್ರು, ಹೋದಾಗ ಯಾರು ಉಳಿದ್ರು ಅನ್ನೋದನ್ನ ಒಂದು ಸಲ ನೋಡಿದ ಊರು ನಮ್ದು, ಆ ಮಾತು ಸಿನಿಮಾದಲ್ಲಿ ಇರ್ಲೇಬೇಕು.

ಈಗ ನಿಮ್ಮ ಹತ್ರ ಒಂದು ಕೇಳ್ಕೊಳ್ಳೋದಿದೆ. ಇಲ್ಲಿಯ ಅರ್ಧ ಕಥೆ ಘಟ್ಟದ ಮೇಲಿದೆ. ನವಲಗುಂದ, ಗದಗ, ಹುಬ್ಬಳ್ಳಿ, ಶಿರಸಿ ಕಡೆಯವರು ಇದನ್ನ ಓದ್ತಿದ್ರೆ, ನಿಮ್ಮನೇಲಿ ಮುತ್ತಜ್ಜ ಗಾಡಿ ಕಟ್ಕೊಂಡು ಕುಮಟಾಕ್ಕೆ ಹೋಗ್ತಿದ್ರು ಅನ್ನೋ ಮಾತೇನಾದ್ರೂ ಇದ್ರೆ, ಒಂದು ಹಾಡು, ಒಂದು ಗಾದೆ, ದಾರೀಲಿ ಎತ್ತು ಬಿಚ್ತಿದ್ದ ಜಾಗದ ಹೆಸರು, ಏನಾದ್ರೂ ಸರಿ, ಇನ್‌ಬಾಕ್ಸ್ ಮಾಡಿ. ಮಳೆ ನಿಂತ ಕೂಡ್ಲೆ ಅಲ್ಲಿಗೆ ಬರ್ತೀವಿ.