ಕೇರಾಫ್ ಸಾವ್ಕಾರ್

ಹೋದ ಜನವರಿಯಲ್ಲಿ, ಕಾಫಿ ಕುಯ್ಲಿನ ಗಡಿಬಿಡಿ ಮಧ್ಯೆ, ಕೆಲಸದವರಿಗೆ ಅಂತ ಸಾಲಾಗಿ ಕಟ್ಟಿಸಿದ ನಮ್ಮ ಲೈನ್‌ಮನೆಯ ಅಜ್ಜಿ, ಯರವ ಅನ್ನುವ ಆದಿವಾಸಿ ಸಮುದಾಯದವರು, ಒಂದು ಅರ್ಜಿ ಹಿಡಿದುಕೊಂಡು ಕಣದ ಹತ್ತಿರ ಬಂದರು. ಸೊಸೆಗೆ ರೇಷನ್ ಕಾರ್ಡ್ ಆಗಬೇಕಿತ್ತು. ಹೆಸರು, ಗಂಡನ ಹೆಸರು, ಜಾತಿ ಎಲ್ಲಾ ಯಾರೋ ಶಾಲೆ ಹುಡುಗ ಬರೆದುಕೊಟ್ಟಿದ್ದ. ವಿಳಾಸದ ಜಾಗ ಮಾತ್ರ ಖಾಲಿ. "ಇಲ್ಲಿ ಏನು ಬರೀಬೇಕು ಸಾವ್ಕಾರ್ರೇ?" ಅಂದರು. ನಾನು ಚೆರಿ ಮೂಟೆ ಎಣಿಸುತ್ತಾ ಎಣಿಸುತ್ತಾ ಪೆನ್ನು ತೆಗೆದು ಬರೆದೆ. ಕೇರಾಫ್, ಆಮೇಲೆ ನನ್ನ ಹೆಸರು, ತೋಟದ ಹೆಸರು, ಸಿದ್ದಾಪುರ ಅಂಚೆ.

ಕೊಟ್ಟ ಮೇಲೆ ಮೂಟೆ ಲೆಕ್ಕ ತಪ್ಪಿಹೋಯಿತು. ಅವರಿಗೆ ಅರವತ್ತರ ಮೇಲಾಗಿದೆ. ನಾನು ಅಂಬೆಗಾಲಿಡುವಾಗ ನನ್ನನ್ನು ಎತ್ತಿಕೊಂಡು ತಿರುಗಿದವರು. ಅವರು ನನ್ನ ಕೇರಾಫ್ ಅಂತೆ.

ನಾವೆಲ್ಲ ಬೆಳಗಾದರೆ ಗಾಂಧಿ, ಅಂಬೇಡ್ಕರ್, ಲೋಹಿಯಾ ಅಂತ ಜಗಳ ಆಡುತ್ತೇವೆ. ನಾನೂ ಆಡುತ್ತೇನೆ, ಒಂದೊಂದು ಸಲ ಗೆಲ್ಲುತ್ತೇನೆ ಕೂಡ. ಆದರೆ ಇವರೆಲ್ಲ ಕೊಡಗಿನ ತನಕ ಬಂದು ತೋಟದ ಗೇಟಿನ ಹತ್ತಿರ ನಿಂತುಬಿಟ್ಟರು ಅನ್ನುವುದು ನನ್ನ ಗುಮಾನಿ. ಗೇಟು ಹಾಕಿದ್ದು ನಮ್ಮಂಥವರೇ ಅನ್ನಿ.

ಗಾಂಧೀಜಿ ನಿಜವಾಗಿಯೂ ಬಂದಿದ್ದರು. 1934ರ ಫೆಬ್ರವರಿಯಲ್ಲಿ, ಹರಿಜನ ನಿಧಿ ಸಂಗ್ರಹಿಸುತ್ತಾ. ಆಗ ಸುಂಟಿಕೊಪ್ಪದ ಹತ್ತಿರ ಗುಂಡುಗುಟ್ಟಿ ತೋಟದಲ್ಲಿದ್ದ ಗೌರಮ್ಮ, ಕತೆ ಬರೆಯುತ್ತಿದ್ದ ನಮ್ಮ ಕೊಡಗಿನ ಗೌರಮ್ಮ, ಗಾಂಧೀಜಿ ನಮ್ಮ ಮನೆಗೂ ಬರಬೇಕು ಅಂತ ಉಪವಾಸ ಕೂತರು. ವಯಸ್ಸು ಇನ್ನೂ 22 ತುಂಬಿರಲಿಲ್ಲ. ಹಟ ಗೆದ್ದಿತು, ಗಾಂಧೀಜಿ ಬಂದರು, ಆಕೆ ಒಡವೆ ಬಿಚ್ಚಿ ಕೊಟ್ಟರು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ನನಗೆ ಇರುವ ಕುತೂಹಲ ಬೇರೆ. ಅವತ್ತು ಸುತ್ತಮುತ್ತಲಿನ ತೋಟಗಳ ಲೈನ್‌ಗಳಲ್ಲಿ ಗಂಜಿ ಕಾಯಿಸುತ್ತಿದ್ದವರಿಗೆ ಯಾರಾದರೂ ಹೇಳಿದರಾ, ನೋಡಿ, ನಿಮ್ಮಂಥವರಿಗೋಸ್ಕರವೇ ಇದೆಲ್ಲಾ ನಡೀತಿರೋದು ಅಂತ?

ನಮ್ಮ ಮನೆ ಹಿಂದೆ ಸೌದೆ ಕೊಟ್ಟಿಗೆಯ ಗೋಡೆಯಲ್ಲಿ ಒಂದು ಗೂಡಿತ್ತು. ಅದರಲ್ಲಿ ನಾಲ್ಕು ಸ್ಟೀಲ್ ಲೋಟ ಬೋರಲು ಹಾಕಿರುತ್ತಿತ್ತು. ಹತ್ತು ಗಂಟೆಗೆ ಕೆಲಸದವರು ಅವನ್ನು ತಾವೇ ತೆಗೆದು, ತೊಳೆದು, ಮೆಟ್ಟಿಲ ಕೆಳಗೆ ನಿಲ್ಲುತ್ತಿದ್ದರು. ಅಮ್ಮ ಒಂದು ಮೊಳ ಮೇಲಿಂದ ಬೆಲ್ಲದ ಕಾಫಿ ಸುರಿಯುತ್ತಿದ್ದಳು. ಒಂದು ಹನಿ ಆಚೆ ಬೀಳುತ್ತಿರಲಿಲ್ಲ, ಅಷ್ಟು ಅಭ್ಯಾಸ. ದಲಿತರಿಗೆ ಮುಟ್ಟಗೊಡದಿದ್ದ ಕೆರೆಯ ನೀರನ್ನು ಅಂಬೇಡ್ಕರ್ ಮಹಾಡ್‌ನಲ್ಲಿ ಕುಡಿದದ್ದು 1927ರಲ್ಲಿ. ನಮ್ಮ ಮನೆಯ ಲೋಟ ಒಳಗೆ ಬಂದಿದ್ದು ಅಮ್ಮನಿಗೆ ಮಂಡಿನೋವು ಜಾಸ್ತಿಯಾಗಿ, ಅಡುಗೆಮನೆ ಕೆಲಸಕ್ಕೂ ಆ ಅಜ್ಜಿಯೇ ಬೇಕಾದ ಮೇಲೆ. ಇಷ್ಟೊಂದು ಓದಿಕೊಂಡಿದ್ದ ನಾನು ಅಲ್ಲಿಯವರೆಗೆ ಆ ಗೂಡಿನ ಬಗ್ಗೆ ಒಂದು ಮಾತು ಆಡಿರಲಿಲ್ಲ.

ಇನ್ನು ಭೂಮಿ ವಿಷಯ. ಬಯಲುಸೀಮೆ, ಕರಾವಳಿ ಕಡೆಯ ಸ್ನೇಹಿತರು ದೇವರಾಜ ಅರಸರ ಹೆಸರು ಬಂದರೆ ಕೈ ಮುಗಿಯುತ್ತಾರೆ. ಗೇಣಿ ಮಾಡುತ್ತಿದ್ದ ಅಪ್ಪನೋ ತಾತನೋ ಡಿಕ್ಲರೇಷನ್ ಕೊಟ್ಟು ಒಡೆಯನಾದ ಕತೆ ಅವರ ಮನೆಯಲ್ಲಿ ಇರುತ್ತದೆ. ಅದು 1974ರ ತಿದ್ದುಪಡಿ. ಆದರೆ ಅದೇ ಭೂಸುಧಾರಣಾ ಕಾಯ್ದೆಯಲ್ಲಿ 104ನೇ ಕಲಂ ಅಂತ ಒಂದಿದೆ. ಕಾಫಿ, ಟೀ, ರಬ್ಬರ್, ಏಲಕ್ಕಿ, ಮೆಣಸಿನ ಪ್ಲಾಂಟೇಷನ್‌ಗಳಿಗೆ ಒಬ್ಬರಿಗೆ ಇಷ್ಟೇ ಜಮೀನು ಅನ್ನುವ ಮಿತಿಯಂಥ ನಿಯಮಗಳು ಅನ್ವಯಿಸುವುದಿಲ್ಲ. ಒಂದೇ ಕಲಂ, ನಮ್ಮ ತೋಟಗಳೆಲ್ಲ ಆಚೆ ಉಳಿದವು. ಉಳುವವನೇ ಒಡೆಯ ಸರಿ, ಕಾಫಿ ತೋಟದಲ್ಲಿ ಯಾರು ಉಳುತ್ತಾರೆ, ಅಲ್ವಾ?

ಜೀತವೂ ಅಷ್ಟೆ. ಗುಲಾಮಗಿರಿಗೆ ಕಾನೂನಿನ ಬಲ 1843ರಲ್ಲೇ ಹೋಯಿತು, ಜೀತ ನಿಷೇಧ ಕಾಯ್ದೆ 1976ರಲ್ಲಿ ಬಂತು. ಈಗ ನಾವು ಅದಕ್ಕೆ ಅಡ್ವಾನ್ಸ್ ಅನ್ನುತ್ತೇವೆ. ಮಗಳ ಮದುವೆಗೆ ಇಷ್ಟು, ಆಸ್ಪತ್ರೆಗೆ ಇಷ್ಟು, ತಿಥಿಗೆ ಇಷ್ಟು. ಪುಸ್ತಕದಲ್ಲಿ ಬರೆಯುವವನು ಸಾವ್ಕಾರ್, ಕಳೆಯುವವನೂ ಅವನೇ. ಬೇರೆ ತೋಟಕ್ಕೆ ಹೋಗಬೇಕಂದರೆ ಹೊಸ ಸಾವ್ಕಾರ್ ಹಳೇ ಬಾಕಿ ಕಟ್ಟಿ ಕರೆದುಕೊಂಡು ಹೋಗುತ್ತಾನೆ. ನನ್ನ ಕಪಾಟಿನಲ್ಲೂ ಅಂಥ ಪುಸ್ತಕ ಇದೆ. ಅದನ್ನು ಕೊನೇ ಸಲ ಕಾರ್ಮಿಕರಿಗೆ ಓದಿ ಹೇಳಿದ್ದು ಯಾವಾಗ ಅಂತ ನನಗೆ ನೆನಪಿಲ್ಲ.

2016ರ ಡಿಸೆಂಬರ್ ನೆನಪಿದೆಯಾ? ನಮ್ಮ ಕೊಡಗಿನದೇ ದಿಡ್ಡಳ್ಳಿ. ಲೈನ್‌ಮನೆ ಬಿಟ್ಟು ಬಂದು ಗುಡಿಸಲು ಹಾಕಿಕೊಂಡಿದ್ದ ಆದಿವಾಸಿಗಳನ್ನು ಚಳಿಗಾಲದಲ್ಲಿ ಎಬ್ಬಿಸಿದರು. 500ಕ್ಕೂ ಹೆಚ್ಚು ಗುಡಿಸಲು ನೆಲಕ್ಕೆ ಬಿದ್ದವು. ಅರಣ್ಯ ಇಲಾಖೆ ಇದು ಕಾಡು ಅಂದಿತು, ಅಲ್ಲ ಪೈಸಾರಿ, ಅಂದರೆ ಸರ್ಕಾರದ ಖಾಲಿ ಜಾಗ, ಅಂತ ಇವರು ಅಂದರು. ಅವರ ಹೋರಾಟದ ಮುಂದಾಳು ಮುತ್ತಮ್ಮ ಮರ ಹತ್ತಿ ಕೂತರು. ಆಮೇಲೆ ತುಂಬಾ ಕುಟುಂಬಗಳಿಗೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಜಾಗ ಸಿಕ್ಕಿತು. ಆಗ ನಮ್ಮ ಬೆಳೆಗಾರರ ಗುಂಪುಗಳಲ್ಲಿ ಓಡಾಡಿದ ಮಾತು ಒಂದೇ: "ಇವರಿಗೆ ಹೊರಗಿನವರು ತಲೆ ತುಂಬಿದ್ದಾರೆ." ಸ್ವಂತ ತಲೆಯಿಂದ ಮನೆ ಬೇಕು ಅಂತ ಅನಿಸಬಾರದಾ?

ಅದಾಗಿ ಕೆಲವೇ ವರ್ಷಕ್ಕೆ ಸರ್ಕಾರ ಕಾನೂನು ತಿದ್ದಿ, ಒತ್ತುವರಿ ಮಾಡಿ ಕಾಫಿ ಹಾಕಿದ ಸರ್ಕಾರಿ ಜಾಗವನ್ನು 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡಲು ದಾರಿ ಮಾಡಿತು. ನಾವು ಅದನ್ನು ಒತ್ತುವರಿ ಅನ್ನಲಿಲ್ಲ, ಬೆಳೆಗಾರರ ಬಹುದಿನದ ಬೇಡಿಕೆ ಅಂದೆವು. ನಾನೂ ಆ ಸುದ್ದಿಗೆ ಲೈಕ್ ಒತ್ತಿದ್ದೆ. ಸುಳ್ಳು ಯಾಕೆ ಹೇಳಲಿ.

ಸಣ್ಣ ಬೆಳೆಗಾರನ ಕಷ್ಟ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಆನೆ, ಅಕಾಲ ಮಳೆ, ಆಳಿನ ಕೊರತೆ ಎಲ್ಲಾ ನಿಜ. ಆದರೆ ರೋಬಸ್ಟಾ ಕಾಫಿ ಚೆರಿ ಮೂಟೆಗೆ 10,000 ರೂಪಾಯಿ ದಾಟಿದ ವರ್ಷ ನಮ್ಮಲ್ಲಿ ಎಷ್ಟು ಜನ ಲೈನ್‌ಮನೆಗೆ ಒಂದು ಕಕ್ಕಸು ಕಟ್ಟಿಸಿದೆವು? ಜೀಪು ಮಾತ್ರ ತುಂಬಾ ಬಂದವು.

ಮೇ ತಿಂಗಳಲ್ಲಿ ದೇವರಪುರದ ಕುಂಡೆ ಹಬ್ಬ, ಇಲ್ಲಿನ ಆದಿವಾಸಿಗಳದ್ದು. ಗಂಡಸರು ಹೆಣ್ಣು ವೇಷ ಹಾಕಿ, ಮುಖಕ್ಕೆ ಬಣ್ಣ ಬಳಿದು, ಡಬ್ಬ ಬಡಿಯುತ್ತಾ, ದೇವರನ್ನೂ ಬಿಡದೆ ಎಲ್ಲರನ್ನೂ ಬೈದು ಕಾಸು ಕೇಳುತ್ತಾರೆ. ಪ್ರವಾಸಿಗರಿಗೆ ಅದು ಮಜಾ. ಈ ಸಲ ನಮ್ಮ ಗೇಟಿಗೂ ಬಂದರು. ಅಜ್ಜಿಯ ಮಗ ಲಂಗ ಉಟ್ಟುಕೊಂಡು, ನನ್ನ ಹೆಸರು ಹಿಡಿದು, ಸೋರುವ ಹೆಂಚಿನ ಲೆಕ್ಕ ಸಮೇತ ಬೈದ. ಹನ್ನೊಂದು ಹೆಂಚು. ನಾನು ನಗುತ್ತಾ ಇನ್ನೂರು ರೂಪಾಯಿ ಕೊಟ್ಟೆ. ಮರುದಿನ ಬೆಳಿಗ್ಗೆ ಅವನು ತಲೆ ತಗ್ಗಿಸಿಕೊಂಡು ಬಂದು, "ಸಾವ್ಕಾರ್ರೇ, ಇವತ್ತು ಗೊಬ್ಬರನಾ, ಚಿಗುರು ತೆಗೆಯೋದಾ?" ಅಂತ ಕೇಳಿದ. ಹೋಗಿ ಎಣಿಸಿದೆ. ಹನ್ನೊಂದೇ.

ರೇಷನ್ ಕಾರ್ಡಿನ ಅರ್ಜಿ ವಾಪಸ್ ಬಂತು. ಮನೆ ನಂಬರ್ ಬೇಕಂತೆ. ಲೈನ್‌ಮನೆಗೆ ಎಲ್ಲಿಂದ ತರೋದು ನಂಬರ್? ಹಾಗಾಗಿ ಮನೆಯಲ್ಲಿ ಮಾತು ತೆಗೆದೆ, ತೋಟದ ಕೆಳಗಿನ ಮೂಲೆಯಲ್ಲಿ ಅವರಿಗೆ ಮೂರು ಸೆಂಟು ಬರೆದುಕೊಡೋಣ ಅಂತ. ಅಣ್ಣ ಸಿಡಿದ. "ಇವತ್ತು ಇವರು, ನಾಳೆ ಉಳಿದ ಎರಡು ಮನೆಯವರೂ ಕೇಳ್ತಾರೆ. ಆಮೇಲೆ ತೋಟಕ್ಕೆ ಯಾರು ಬರ್ತಾರೆ?" ಅವನ ಹೆದರಿಕೆ ಏನು ಅಂತ ಅವನೇ ಬಾಯಿಬಿಟ್ಟು ಹೇಳಿದ. ಹೇಗೋ ಒಪ್ಪಿಸಿದೆ.

ಅಜ್ಜಿಗೆ ಹೇಳಿದೆ. ಖುಷಿಯಲ್ಲಿ ಕಣ್ಣೀರು ಹಾಕಬಹುದು ಅಂತ ಒಳಗೊಳಗೇ ಕಾಯುತ್ತಿದ್ದೆ. ಅವರು ಎಲೆ ಅಡಿಕೆ ಉಗಿದು ಬಂದು ಹೇಳಿದರು, "ಆ ಮೂಲೇಲಿ ಆನೆ ಬರುತ್ತೆ ಸಾವ್ಕಾರ್ರೇ. ರಸ್ತೆ ಕಡೆ ಕೊಡಿ."

ರಸ್ತೆ ಕಡೆ ಜಾಗಕ್ಕೆ ಸೆಂಟಿಗೆ ಎಷ್ಟು ನಡೀತಿದೆ ಅಂತ ನನಗೆ ಚೆನ್ನಾಗಿ ಗೊತ್ತು. ಇನ್ನೂ ಉತ್ತರ ಕೊಟ್ಟಿಲ್ಲ.