ಸರ್ವರಿಗೆ ಏನೂ ಆಗಿಲ್ಲ ಮಾರಾಯ್ರೇ

'ಸರ್ವರ್ ಸ್ಲೋ' ಎಂಬ ಎರಡು ಶಬ್ದ ಕಿವಿಗೆ ಬಿದ್ದರೆ ಸಾಕು, ಈಗೀಗ ನನಗೆ ಪಿತ್ತ ನೆತ್ತಿಗೇರುತ್ತದೆ. ಸರ್ವರ್ ಅಂದರೆ ಎಲ್ಲರ ಫೈಲು ಒಟ್ಟಿಗೆ ಇಟ್ಟ ಕಂಪ್ಯೂಟರು.

ಇವತ್ತು ಬೆಳಿಗ್ಗೆ ಬದಿಯಡ್ಕ ಕಡೆಯ ಒಂದು ಪ್ರೆಸ್ಸಿನಿಂದ ಫೋನು. ಹೆಸರು ಬೇಡ, ಇದನ್ನು ಓದುವವರಲ್ಲಿ ಎಷ್ಟೋ ಜನರ ಮದುವೆ ಕಾಗದ ಅಲ್ಲೇ ಆದದ್ದು. "ಬೇಗ ಬನ್ನಿ ಮಾರಾಯ್ರೇ, ಸರ್ವರ್ ಸತ್ತಿದೆ." ಸತ್ತದ್ದೋ, ಸ್ಲೋ ಆದದ್ದೋ ಅಂತ ಕೇಳಿದೆ. "ಎರಡೂ ಒಂದೇ ಅಲ್ವಾ?"

ಹೋಗಿ ನೋಡಿದರೆ ದನಿಗಳ, ಅಂದರೆ ಪ್ರೆಸ್ಸಿನ ಯಜಮಾನರ ಮೇಜಿನ ಮೇಲೆ ಆಗಲೇ ಹೊಸ ಸರ್ವರಿನ ಕೊಟೇಶನ್. ಒಂದೂಕಾಲು ಲಕ್ಷ. ಕೊಟ್ಟವರು ಮಂಗಳೂರಿನಿಂದ ಬಂದು ಪಿಂಗ್ ಹೊಡೆದು, 'ಒಂದು ಮಿಲಿಸೆಕೆಂಡಿಗಿಂತ ಕಮ್ಮಿ, ನೆಟ್‌ವರ್ಕ್ ಫಸ್ಟ್ ಕ್ಲಾಸ್' ಎಂದು ತೀರ್ಪು ಕೊಟ್ಟು ಹೋಗಿದ್ದಾರೆ. ಪಿಂಗ್ ಅಂದರೆ ದಾರಿ ಉಂಟೋ ಇಲ್ಲವೋ ಎಂದು ಇಣುಕಿ ನೋಡಿದ ಹಾಗೆ. ಸೈಕಲ್ ಹೋಗುವ ದಾರಿಯಲ್ಲಿ ಲಾರಿ ಹೋಗುತ್ತದಾ ಅಂತ ಅದು ಹೇಳುವುದಿಲ್ಲ.

ಯಾವಾಗಿಂದ ಹೀಗೆ ಅಂತ ಕೇಳಿದೆ. "ಮೊದಲಿಂದಲೂ ಹೀಗೇ" ಎಂದರು ದನಿಗಳು. ಡಿಟಿಪಿ ಮಾಡುವ ಹುಡುಗಿ ಮಾತ್ರ ತಲೆ ಎತ್ತದೆ ಹೇಳಿದಳು: "ಇಲ್ಲ ಅಣ್ಣ, ಆಯುಧಪೂಜೆ ಕಳೆದ ಮೇಲೆ. ಬ್ರಹ್ಮಕಲಶದ ಸ್ಮರಣಸಂಚಿಕೆಯ ಫೋಟೋ ಫೋಲ್ಡರು ಆರು ಜಿಬಿ ಉಂಟು, ಕಾಪಿ ಆಗಲಿಕ್ಕೆ ಒಂಬತ್ತು ನಿಮಿಷ. ನಾನು ನೋಡಿ ಇಟ್ಟಿದ್ದೇನೆ." ಇಡೀ ಪ್ರೆಸ್ಸಿನಲ್ಲಿ ಕೆಲಸಕ್ಕೆ ಬರುವ ಮಾತು ಅದೊಂದೇ. ಅವಳನ್ನು ಆ ಮಂಗಳೂರಿನವರು ಕೇಳಲೇ ಇಲ್ಲವಂತೆ.

ಆರು ಜಿಬಿಗೆ ಒಂಬತ್ತು ನಿಮಿಷ ಅಂದರೆ ಸೆಕೆಂಡಿಗೆ 11 ಎಂಬಿ. ಪುನಃ ಕಾಪಿ ಹಾಕಿಸಿ ನೋಡಿದೆ. ವೇಗದ ಗ್ರಾಫು ಮೇಲೂ ಇಲ್ಲ ಕೆಳಗೂ ಇಲ್ಲ, ಅಡಿಕೋಲು ಇಟ್ಟು ಎಳೆದ ಗೆರೆ. ಡಿಸ್ಕ್ ಕೈಕೊಟ್ಟರೆ ಗ್ರಾಫು ಹಾರುತ್ತದೆ, ಬೀಳುತ್ತದೆ, ನಡುವೆ ನಿಂತೇ ಹೋಗುತ್ತದೆ. ಹೀಗೆ ಹನ್ನೊಂದಕ್ಕೇ ಅಂಟಿಕೊಂಡು ಕೂತರೆ ಗಿಗಾಬಿಟ್ ಲಿಂಕು, ಅಂದರೆ ಸೆಕೆಂಡಿಗೆ ಸಾವಿರ ಮೆಗಾಬಿಟ್ ಸಾಗಿಸಬೇಕಾದ ದಾರಿ, ನೂರು ಮೆಗಾಬಿಟ್ಟಿಗೆ ಇಳಿದಿದೆ ಎಂದೇ ಲೆಕ್ಕ. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ ನೂರನ್ನು ಎಂಟರಿಂದ ಭಾಗಿಸಿ, ಹನ್ನೆರಡೂವರೆ ಎಂಬಿ. ಅದರಲ್ಲಿ ಮೇಲುಖರ್ಚು ಕಳೆಯಿರಿ. ನೆಟ್‌ವರ್ಕಿನ ವೇಗ ಮಾತ್ರ ಅಳೆಯುವ ಐಪರ್ಫ್ ಎಂಬ ಪ್ರೋಗ್ರಾಮ್ ಹಾಕಿದೆ, 94 ಮೆಗಾಬಿಟ್ ತೋರಿಸಿತು. ಐಪರ್ಫ್ ಡಿಸ್ಕನ್ನು ಮುಟ್ಟುವುದೇ ಇಲ್ಲ, ಹಾಗಾಗಿ ಡಿಸ್ಕಿನ ಮೇಲಿನ ಆರೋಪ ಅಲ್ಲಿಗೇ ಬಿತ್ತು.

ಬಗ್ಗಿ ನೋಡಿದೆ. ಸರ್ವರಿನ ನೆತ್ತಿಯ ಮೇಲೆ ಒಣಗಿದ ಗಂಧ, ಬಾಡಿದ ಗೊಂಡೆ ಹೂ. ಅದರ ನೆಟ್‌ವರ್ಕ್ ಕೇಬಲಿನ ಮೇಲೆ ಕಬ್ಬಿಣದ ಮೇಜಿನ ಕಾಲು! ಪೂಜೆಯ ಮೊದಲು ತೊಳೆದು ಒರೆಸುವಾಗ ಮೇಜು ಸರಿಸಿದ್ದಾರೆ, ಭಕ್ತಿಯಿಂದ ಅದರ ಮೇಲೇ ಇಟ್ಟಿದ್ದಾರೆ. ಕೇಬಲಿನೊಳಗಿನ ಎಂಟು ತಂತಿಗೆ ಎಂಟು ದೀಪ ಇರುವ ಟೆಸ್ಟರ್ ಹಾಕಿದರೆ ಏಳನೆಯ ದೀಪ ಹೊತ್ತಲಿಲ್ಲ. ಕಂದು-ಬಿಳಿ ತಂತಿ ತುಂಡು. ನೂರು ಮೆಗಾಬಿಟ್ಟಿಗೆ ನಾಲ್ಕು ತಂತಿ ಸಾಕು. ಗಿಗಾಬಿಟ್ಟಿಗೆ ಎಂಟೂ ಬೇಕು. ಆ ನಾಲ್ಕು ಬಿಟ್ಟು ಉಳಿದವುಗಳಲ್ಲಿ ಒಂದು ಹೋದರೆ ನೆಟ್‌ವರ್ಕು ಸಾಮಾನ್ಯವಾಗಿ ಸಾಯುವುದಿಲ್ಲ, ಸದ್ದಿಲ್ಲದೆ ಹಳೇ ವೇಗಕ್ಕೆ ಇಳಿದು ಕೆಲಸ ಮಾಡುತ್ತಾ ಇರುತ್ತದೆ. ಸತ್ತೇ ಹೋಗಿದ್ದರೆ ಆವತ್ತೇ ಸಿಕ್ಕಿಬೀಳುತ್ತಿತ್ತು.

ಆರು ಮೀಟರ್ ಹೊಸ ಕೇಬಲ್ ಎಳೆದೆ. ಕೇಬಲುಗಳೆಲ್ಲ ಬಂದು ಸೇರುವ ಪೆಟ್ಟಿಗೆ, ಅಂದರೆ ಸ್ವಿಚ್ಚಿನ ಕಿತ್ತಳೆ ದೀಪ ಹಸಿರಾಯಿತು. ಅದೇ ಫೋಲ್ಡರು ಒಂದು ನಿಮಿಷದೊಳಗೆ ಬಂತು. "ಅಯ್ಯೋ, ಇನ್ನು ಚಾ ಕುಡಿಯಲಿಕ್ಕೂ ಪುರ್ಸೊತ್ತಿಲ್ಲ" ಅಂದಳು ಹುಡುಗಿ.

ಈಗ ಕಮೆಂಟಿನಲ್ಲಿ ಯಾರಾದರೂ ಬರುತ್ತೀರಿ, ಗೊತ್ತು: 'ಡಿಸ್ಕೂ ಹಾಳಾಗುತ್ತದಲ್ಲ ಸಾರ್? ಆಂಟಿವೈರಸ್ ಎಳೆಯುವುದಿಲ್ಲವಾ? ಸಣ್ಣ ಸಣ್ಣ ಫೈಲು ಸಾವಿರಗಟ್ಟಲೆ ಇದ್ದರೆ?' ಹೌದಪ್ಪಾ. ಸಣ್ಣ ಫೈಲಾದರೆ ಒಂದೊಂದಕ್ಕೂ ತೆರೆ, ಬರೆ, ಮುಚ್ಚು ಅಂತ ಸರ್ವರಿನ ಹತ್ತಿರ ಹೋಗಿ ಬರಬೇಕು, ಎಂಥ ಕೇಬಲ್ ಇದ್ದರೂ ತಡವೇ. ಜಿಪ್ ಮಾಡಿ, ಅಂದರೆ ಒಂದೇ ಫೈಲಾಗಿ ಕಟ್ಟಿ ಕಳಿಸಿ. ಆದರೆ ಒಂದೂಕಾಲು ಲಕ್ಷ ಬಿಚ್ಚುವ ಮೊದಲು ಮೇಜಿನ ಅಡಿಗೆ ಒಮ್ಮೆ ಬಗ್ಗಲಿಕ್ಕೆ ಏನು ಧಾಡಿ? ಸೊಂಟ ನೋವಾ?

ದನಿಗಳು ಬಿಲ್ಲು ನೋಡಿ ಹುಬ್ಬೇರಿಸಿದರು. "ಒಂದು ವಯರಿಗೆ ಎಂಟುನೂರಾ?" ಲಕ್ಷದ ಕಾಗದ ಅಲ್ಲೇ ಪೇಪರ್‌ವೆಯ್ಟಿನ ಅಡಿಯಲ್ಲಿ ಹಾರಾಡುತ್ತಿತ್ತು. ನಾನು ಮಾತಾಡಲಿಲ್ಲ.

ಮಾತಾಡದೆ ಇದ್ದದ್ದಕ್ಕೆ ಕಾರಣವೂ ಉಂಟು. ಎರಡು ವರ್ಷದ ಹಿಂದೆ ಉಪ್ಪಳದ ಒಂದು ಆಫೀಸಿನಲ್ಲಿ ಇದೇ ಹನ್ನೊಂದರ ಗೆರೆ ಕಣ್ಣೆದುರೇ ಇತ್ತು. ನಾನು ಗತ್ತಿನಲ್ಲಿ ಎಸ್‌ಎಸ್‌ಡಿ, ಅಂದರೆ ವೇಗದ ಹೊಸ ಬಗೆಯ ಡಿಸ್ಕ್ ಹಾಕಿಸಿದೆ. ವೇಗ ಕೂದಲಷ್ಟೂ ಹೆಚ್ಚಲಿಲ್ಲ. 'ಸೆಟ್ ಆಗಲಿಕ್ಕೆ ಎರಡು ದಿನ ಬೇಕು' ಅಂತ ಬೊಗಳೆ ಬಿಟ್ಟು ಬಂದೆ. ರಾತ್ರಿ ಮಲಗಿದ ಮೇಲೆ ಹೊಳೆಯಿತು, ಅವರ ಸ್ವಿಚ್ಚೇ ನೂರು ಮೆಗಾಬಿಟ್ಟಿನದ್ದು. ಮೂರನೇ ದಿನ ಸರ್ವಿಸಿನ ನೆಪದಲ್ಲಿ ಹೋಗಿ ನನ್ನ ಕೈಯಿಂದ ದುಡ್ಡು ಹಾಕಿ ಸ್ವಿಚ್ಚು ಬದಲಿಸಿದೆ. ಅವರು ಇವತ್ತಿಗೂ ಆ ಎಸ್‌ಎಸ್‌ಡಿಯನ್ನೇ ಹೊಗಳುತ್ತಾರೆ.

ನಿನ್ನೆ ಅವರದ್ದೇ ಫೋನು. ಅಕೌಂಟ್ಸ್ ಸೆಕ್ಷನ್ ಸ್ಲೋ ಆಗಿದೆಯಂತೆ, ಅಂಥದ್ದೇ ಇನ್ನೊಂದು ಬೇಕಂತೆ. ನಾಳೆ ಹತ್ತು ಗಂಟೆಗೆ ಬರುತ್ತೇನೆ ಅಂದಿದ್ದೇನೆ.